ಅರಿಸ್ಟೇಗಿ ಮನೆಯ ಬೆಳದಿಂಗಳ ದಾರಿ

ಗ್ರಾಶಿ ತೀರಿಕೊಂಡ ಸುದ್ದಿಯನ್ನು ಅವಳ ಅಕ್ಕನ ಮಗ ಪೆಲ್ಲೊ ಮೊದಲು ಬಿಟ್ಟೋರಿಗೆ ಹೇಳಿದ. ಹೆಂಡತಿಗೆ ಹೇಳಿದ್ದು ಆಮೇಲಂತೆ. ಕ್ರಮ ಇರುವುದೇ ಹಾಗೆ. ಲೆಗಾರ್ಬಿ ಹಳ್ಳಿಯ ಒಂದು ಮನೆಯಲ್ಲಿ ಸಾವಾದರೆ ಮೊದಲು ತಿಳಿಯಬೇಕಾದದ್ದು ಮೊದಲ ನೆರೆಗೆ. ಮೊದಲ ನೆರೆ ಅಂದರೆ ಆ ಮನೆಯಿಂದ ಚರ್ಚಿನ ಕಡೆಗೆ ಹೊರಟಾಗ ಎದುರಾಗುವ ಮೊದಲನೆಯ ಮನೆ. ಅಲ್ಲಿ ಇರುವವರು ಯಾರು, ಒಳ್ಳೆಯವರೋ ಜಗಳಗಂಟರೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ನೆರೆತನ ಗೋಡೆಗೆ ಅಂಟಿಕೊಂಡಿರುತ್ತದೆ. ಒಳಗಿನ ಜನ ಬರುತ್ತಾರೆ, ಹೋಗುತ್ತಾರೆ. ಗುಡ್ಡದ ಮೇಲಿನ ಗ್ರಾಶಿಯ ಅರಿಸ್ಟೇಗಿ ಮನೆಗೆ ಎರ್ರೋಟಾಲ್ಡೆ ಎಂಬ ಮನೆ ಮೊದಲ ನೆರೆ. ಎರ್ರೋಟಾಲ್ಡೆಯಲ್ಲಿ ಈಗ ಇರುವವಳು ಬಿಟ್ಟೋರಿ ಒಬ್ಬಳೇ.

"ಬಿಟ್ಟೋರಿ ಅತ್ತೆ, ಚಿಕ್ಕಮ್ಮ ಹೋಗ್ಬಿಟ್ರು," ಅಂದ ಪೆಲ್ಲೊ ಫೋನಿನಲ್ಲಿ. "ಬೆಳಿಗ್ಗೆ ಕಾಫಿ ಕೇಳಿದ್ರಂತೆ. ನರ್ಸು ತಂದುಕೊಟ್ಟಾಗ, ಇದು ಕಾಫಿ ಅಲ್ಲ ಅಂದ್ರಂತೆ. ಅಷ್ಟೇ."

"ಕುಡಿದಳಾ?"

"ಇಲ್ಲ."

ಬಿಟ್ಟೋರಿಗೆ ತಕ್ಷಣ ಏನೂ ಅನಿಸಲಿಲ್ಲ. ಒಲೆಯ ಮೇಲೆ ಬೀನ್ಸು ಕುದಿಯುತ್ತಿತ್ತು. ಗ್ರಾಶಿಯೇ ಬೆಳೆದು ಕೊಟ್ಟಿದ್ದ ಕಪ್ಪು ಬೀನ್ಸು. ಅವಳು ಉರಿ ಸಣ್ಣ ಮಾಡಿದಳು.

"ಗುರುವಾರ ಹನ್ನೊಂದಕ್ಕೆ ಪೂಜೆ ಅಂತ ಪಾದ್ರಿಗಳ ಹತ್ತಿರ ಮಾತಾಡಿದೀನಿ," ಪೆಲ್ಲೊ ಮುಂದುವರಿಸಿದ. "ಆಸ್ಪತ್ರೆಯಿಂದ ವ್ಯಾನು ನೇರ ಚರ್ಚಿಗೇ ಬರುತ್ತೆ."

"ಮನೆಗೆ ಬರಲ್ವಾ?"

"ಮನೆಗ್ಯಾಕೆ ಅತ್ತೆ, ಸುತ್ತು."

"ಮನೆಯಿಂದ ಹೊರಡದೇ ಇದ್ದೋಳು ಚರ್ಚಿಗೆ ಬರೋದು ಹೇಗಪ್ಪಾ? ಎಲ್ಲಿಂದ ಬಂದಳು ಅಂತ ಹೇಳೋದು, ವಾರ್ಡಿನಿಂದ ಅಂತಲಾ?"

ಪೆಲ್ಲೊ ಪಟ್ಟಣದಲ್ಲಿ ಬಸ್ ಓಡಿಸುವವನು. ಸುತ್ತು, ಅಡ್ಡದಾರಿ, ಸಮಯ ಇವೇ ಅವನ ಯೋಚನೆಯ ಬಗೆ. ಆದರೆ ಒಳ್ಳೆಯ ಹುಡುಗ. "ಆಯ್ತು, ಮನೆಗೆ ತರೋಕೆ ಹೇಳ್ತೀನಿ. ಮನೆಯಿಂದ ಮುಂದೆ?"

"ಅವಳ ದಾರಿಯಲ್ಲಿ."

"ಬಾಲೆಂಟಿನ್ ಮಾವ ಬಿಡ್ತಾರಾ?"

ದಾರಿ ಹಾಯುವುದು ಬಾಲೆಂಟಿನನ ಜಮೀನಿನಲ್ಲಿ. ಬಿಡಬೇಕು ಎಂಬುದೊಂದೇ ಗ್ರಾಶಿಯ ಬಹಳ ವರ್ಷಗಳ ಆಸೆಯಾಗಿತ್ತು. ಇನ್ನೇನನ್ನೂ ಅವಳು ಯಾರಿಂದಲೂ ಬಯಸಿದವಳಲ್ಲ.

ಲೆಗಾರ್ಬಿಯ ಪ್ರತಿ ಮನೆಗೂ ಚರ್ಚಿಗೆ ಹೋಗುವ ಒಂದು ದಾರಿ ಇದೆ. ಮದುವಣಗಿತ್ತಿ ಯಾವ ದಾರಿಯಲ್ಲಾದರೂ ಬರಬಹುದು, ಮಗುವನ್ನು ಜ್ಞಾನಸ್ನಾನಕ್ಕೆ ಯಾವ ದಾರಿಯಲ್ಲಾದರೂ ಒಯ್ಯಬಹುದು. ಸತ್ತವರು ಮಾತ್ರ ತಮ್ಮ ಮನೆಯ ದಾರಿಯಲ್ಲೇ ಹೋಗಬೇಕು. ಅದಕ್ಕೆ ಇಲ್ಬಿದೆ ಅನ್ನುತ್ತಾರೆ, ಸಾವಿನ ದಾರಿ. ಅರಿಸ್ಟೇಗಿಯ ಇಲ್ಬಿದೆ ಮನೆಯ ಹಿಂದಿನಿಂದ ಇಳಿದು, ಬಾಲೆಂಟಿನನ ಹುಲ್ಲುಗಾವಲನ್ನು ಅಡ್ಡ ಹಾದು, ಹಳೆಯ ಸುಣ್ಣದ ಗೂಡನ್ನು ಬಳಸಿ, ಎರ್ರೋಟಾಲ್ಡೆಯ ಅಂಗಳದ ಪಕ್ಕದಲ್ಲಿ ಹೊರಬಂದು ನಾಲ್ಕು ದಾರಿ ಕೂಡುವ ಕಡೆ ಸೇರುತ್ತದೆ. ಅಲ್ಲಿಂದ ಚರ್ಚು ಕಾಣುತ್ತದೆ.

ಗ್ರಾಶಿ ಹುಟ್ಟಿದ್ದು ಗುಡ್ಡದ ಆಚೆ ಮಗ್ಗುಲಲ್ಲಿ. ಅರಿಸ್ಟೇಗಿಯ ಸೆಬೆರೊನನ್ನು ಮದುವೆಯಾಗಿ ಈಚೆ ಬಂದಳು. ಮಕ್ಕಳಾಗಲಿಲ್ಲ. ಹಸು ಸಾಕಿದಳು, ಬೀನ್ಸು ಬೆಳೆದಳು, ಶನಿವಾರದ ಸಂತೆಗೆ ತೋಲೋಸಾಕ್ಕೆ ಹೋಗಿ ಕೂತಳು. ಅವಳ ಬೀನ್ಸಿಗೆ ಗಿರಾಕಿಗಳು ಕಾಯುತ್ತಿದ್ದರು. ಆದರೆ ಬೀನ್ಸು ಆರಿಸುವುದಕ್ಕೆ ಯಾರನ್ನೂ ಬಿಡುತ್ತಿರಲಿಲ್ಲ. "ನೀವು ಮುಟ್ಟಿ ನೋಡಿದ್ರೆ ಬೇಗ ಬೇಯುತ್ತಾ?" ಅನ್ನುತ್ತಿದ್ದಳು. ಗಿಡ್ಡ ಹೆಂಗಸು, ನಡೆಯುವಾಗ ಎರಡೂ ಕೈಯನ್ನು ಏಪ್ರನ್ನಿನ ಕೆಳಗೆ ಇಟ್ಟುಕೊಂಡು ನಡೆಯುವಳು. ಏನೋ ಕದ್ದುಕೊಂಡು ಹೋಗುವವರ ಹಾಗೆ, ಎಂದು ಬಿಟ್ಟೋರಿ ಹಾಸ್ಯ ಮಾಡುತ್ತಿದ್ದಳು.

ಸೆಬೆರೊ ಸತ್ತ ಚಳಿಗಾಲದಲ್ಲಿ ಬಿಟ್ಟೋರಿ ಊರಲ್ಲಿರಲಿಲ್ಲ. ಆಗ ಅವಳು ತೋಲೋಸಾದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದಳು. ಎರ್ರೋಟಾಲ್ಡೆಯ ಪರವಾಗಿ ಅವಳ ತಾಯಿ ಹೋಗಿ ಬಾಲೆಂಟಿನನಿಗೆ ಸುದ್ದಿ ಹೇಳಿದ್ದಳು. ಡಾಂಬರು ರಸ್ತೆ ಬಂದ ಮೇಲೆ ಇಲ್ಬಿದೆಯನ್ನು ಯಾರೂ ತುಳಿಯದೆ ಅದು ಮುಳ್ಳುಪೊದೆಗಳಲ್ಲಿ ಮುಚ್ಚಿಹೋಗಿತ್ತು. ತನ್ನ ಹುಲ್ಲುಗಾವಲಿನ ಅಂಚಿನಲ್ಲಿ ಬಾಲೆಂಟಿನ್ ಮುಳ್ಳುತಂತಿಯನ್ನೂ ಎಳೆದಿದ್ದ. "ಆ ಪೊದೆಯೊಳಗೆ ಹೊತ್ಕೊಂಡು ಹೋಗಿ ಯಾಕೆ ಸಾಯ್ತೀರಿ, ರಸ್ತೆ ಇದೆಯಲ್ಲಾ," ಅಂದನಂತೆ. ಸೆಬೆರೊನನ್ನು ಕಾರಿನಲ್ಲಿ ಡಾಂಬರು ರಸ್ತೆಯ ಮೇಲೆ ಒಯ್ದರು. ಹೊರುವವರಿಗೆ ಚಳಿಯಲ್ಲಿ ಅನುಕೂಲವೇ ಆಯಿತು.

ಬಾಲೆಂಟಿನ್ ಕೆಟ್ಟವನಲ್ಲ; ಹೆದರಿದವನು. ಮುಚ್ಚಿಹೋದ ದಾರಿಯಲ್ಲೂ ಒಂದು ಹೆಣ ಹಾದರೆ ಅದು ಮತ್ತೆ ಎಂದೆಂದಿಗೂ ಊರಿನ ದಾರಿ, ಆಮೇಲೆ ಅದನ್ನು ಯಾರೂ ಮುಚ್ಚುವ ಹಾಗಿಲ್ಲ ಎಂದು ಅವನ ಅಪ್ಪ ಹೇಳಿಕೊಟ್ಟಿದ್ದ. ಇದು ಲೆಗಾರ್ಬಿಯಲ್ಲಿ ಎಲ್ಲರೂ ಒಪ್ಪಿದ ಮಾತು. ಯಾವ ಕಾನೂನು ಪುಸ್ತಕದಲ್ಲೂ ಇರಲಾರದು; ಆದರೆ ಆ ಮಾತಿಗೆ ಹೆದರಿ ಜಮೀನಿನ ಸುತ್ತ ಗೋಡೆ ಕಟ್ಟಿದವರು ಈ ಕಣಿವೆಯಲ್ಲಿ ಬಹಳ ಜನ ಇದ್ದಾರೆ.

ಬಿಟ್ಟೋರಿ ನಿವೃತ್ತಳಾಗಿ ಊರಿಗೆ ಮರಳಿದ ಮೇಲೆ ಅವಳೂ ಗ್ರಾಶಿಯೂ ಭಾನುವಾರ ಸಂಜೆ ಅರಿಸ್ಟೇಗಿಯ ಅಡುಗೆಮನೆಯಲ್ಲಿ ಬ್ರಿಸ್ಕಾ ಆಡುತ್ತ ಕೂರುತ್ತಿದ್ದರು. ಒಂದು ದಿನ ಗ್ರಾಶಿ ಇಸ್ಪೀಟೆಲೆ ಹಂಚುತ್ತ ಹೇಳಿದಳು:

"ಸೆಬೆರೊ ಇನ್ನೂ ಚರ್ಚು ಮುಟ್ಟಿಲ್ಲ ಕಣೇ."

"ಏನದು?"

"ಗೊತ್ತಿಲ್ಲದ ದಾರಿಯಲ್ಲಿ ಕಳಿಸಿದ್ವಿ. ಬದುಕಿದ್ದಾಗಲೇ ದಾರಿ ತಪ್ಪೋ ಮನುಷ್ಯ. ತೋಲೋಸಾ ಸಂತೆಗೆ ಹೋದೋರು ಎಷ್ಟು ಸಲ ಮರುದಿನ ಬಂದಿದಾರೆ."

"ಅದು ದಾರಿ ತಪ್ಪಿ ಅಲ್ಲ."

"ಗೊತ್ತು ಸುಮ್ನಿರೇ. ಸತ್ತೋರ ಮರ್ಯಾದೆ ಕಾಪಾಡು." ಎಲೆ ಹಂಚಿ ಮುಗಿಸಿದ ಮೇಲೆ ಅವಳು, "ನಾನು ಅದನ್ನೆಲ್ಲ ನಂಬಲ್ಲ," ಅಂದಳು. "ಆದರೆ ನಾನು ಮಾತ್ರ ನನ್ನ ದಾರೀಲೇ ಹೋಗ್ತೀನಿ. ಹೋಗ್ತಾ ಅವರು ಎಲ್ಲಾದ್ರೂ ಕೂತಿದ್ರೆ ಕರ್ಕೊಂಡು ಹೋಗ್ತೀನಿ."

ಅವಳು ಸೆಬೆರೊನ ಬಗ್ಗೆ ಬಹುವಚನದಲ್ಲೇ ಮಾತಾಡುತ್ತಿದ್ದಳು. ಲೆಗಾರ್ಬಿಯಲ್ಲಿ ಗಂಡ ಹೆಂಡಿರ ನಡುವೆ ಬಹುವಚನವೇ. ಬಾರೇ, ಹೋಗೇ ಅನ್ನುವುದು ಒಟ್ಟಿಗೆ ಕುರಿ ಕಾಯ್ದವರಿಗೆ, ಒಂದೇ ಬೆಂಚಿನಲ್ಲಿ ಕೂತು ಜಪ ಕಲಿತವರಿಗೆ ಮಾತ್ರ. ಆ ಮಾತು ಈಗ ಸವೆದುಹೋಗುತ್ತಿದೆ, ಹುಡುಗರಿಗೆ ಬರುವುದಿಲ್ಲ. ಬಿಟ್ಟೋರಿಗೆ ಹಾಗೆ ಮಾತಾಡುವವರು ಊರಲ್ಲಿ ಇಬ್ಬರಿದ್ದರು. ಒಬ್ಬಳು ಗ್ರಾಶಿ: ಎರ್ರೋಟಾಲ್ಡೆಯ ಹೊಲದ ಆಚೆಗೆ ಅವಳ ಅಜ್ಜಿಯ ಮನೆ ಇದ್ದದ್ದರಿಂದ ಚಿಕ್ಕಂದಿನ ಬೇಸಿಗೆಗಳನ್ನೆಲ್ಲ ಇಲ್ಲೇ ಕಳೆದವಳು. ಇನ್ನೊಬ್ಬ ಬಾಲೆಂಟಿನ್. ಮೂವರೂ ಒಂದೇ ಕಲ್ಲಿನ ಮೇಲೆ ಕೂತು ಕುರಿ ಕಾಯ್ದವರು. ಆದರೆ ಬಿಟ್ಟೋರಿ ತೋಲೋಸಾದಿಂದ ಕನ್ನಡಕ ಹಾಕಿಕೊಂಡು ಮೊದಲ ಸಲ ರಜೆಗೆ ಬಂದ ದಿನವೇ ಬಾಲೆಂಟಿನ್ ಅವಳಿಗೆ "ಚೆನ್ನಾಗಿದ್ದೀರಾ?" ಅಂದಿದ್ದ. ಅಂದಿನಿಂದ ಆ ಬಹುವಚನ ಇಳಿಯಲೇ ಇಲ್ಲ.

ಕೆಲವು ವರ್ಷಗಳ ಕೆಳಗೆ ಪ್ರವಾಸೋದ್ಯಮದ ಕಚೇರಿಯಿಂದ ಓಯಾನಾ ಎಂಬ ಹುಡುಗಿ ಬಂದಳು. ಕಣಿವೆಯ ಹಳ್ಳಿಗಳನ್ನು ನೋಡಲು ಬರುವವರಿಗೆ ಬಣ್ಣದ ನಕ್ಷೆ ಮಾಡುವುದು ಅವಳ ಕೆಲಸ. ಪ್ರತಿ ಹಳ್ಳಿಯಿಂದಲೂ ನಡೆದಾಡಲು ಒಂದು ದಾರಿ, ಆ ದಾರಿಯಲ್ಲಿ ನೋಡುವಂಥ ಒಂದಷ್ಟು ಜಾಗ. ಲೆಗಾರ್ಬಿಯ ಸಂತ ಗ್ರೆಗೋರಿಯೊನ ಗುಡಿಯ ಬೀಗದ ಕೈ ಅರಿಸ್ಟೇಗಿ ಮನೆಯಲ್ಲೇ ಇರುತ್ತಿದ್ದದ್ದರಿಂದ ಅವಳು ಮೊದಲು ಗ್ರಾಶಿಯನ್ನು ಕಂಡಳು. ಬಿಟ್ಟೋರಿಯೂ ಅಲ್ಲಿದ್ದಳು.

"ಅಮ್ಮಾ, ಚರ್ಚಿಂದ ಗುಡಿಗೆ ಯಾವ ದಾರಿ ಚೆನ್ನಾಗಿದೆ?" ಅಂತ ಕೇಳಿದಳು ಓಯಾನಾ.

ಸುಲಭದ ದಾರಿ ಹೊಳೆಯ ಬದಿಯದು. ನೆರಳಿದೆ, ಸೇತುವೆ ಇದೆ. ಗ್ರಾಶಿ ಅದನ್ನು ಬಿಟ್ಟು ನಾಲ್ಕುದಾರಿ, ಎರ್ರೋಟಾಲ್ಡೆ, ಸುಣ್ಣದ ಗೂಡು, ಬಾಲೆಂಟಿನನ ಹುಲ್ಲುಗಾವಲು, ಅರಿಸ್ಟೇಗಿ, ಅಲ್ಲಿಂದ ಮೇಲೆ ದೈತ್ಯರ ಕಲ್ಲು, ಆಮೇಲೆ ಗುಡಿ ಎಂದು ಹೇಳಿದಳು. ಹುಡುಗಿ ಬರೆದುಕೊಂಡಳು.

"ಈ ದಾರಿಗೆ ಹೆಸರಿದೆಯಾ?"

"ಇಲ್ಬಿದೆ."

"ಓ! ಇಲಾರ್ಗಿ ಅಲ್ವಾ, ಇಲ್? ಎಷ್ಟು ಚೆನ್ನಾಗಿದೆ!" ಹುಡುಗಿಯ ಮುಖ ಅರಳಿತು. ಇಲಾರ್ಗಿ ಅಂದರೆ ಚಂದ್ರ, ಇಲ್ ಅಂದರೆ ಸಾವು. ಪಟ್ಟಣದಲ್ಲಿ ಬೆಳೆದವಳು, ಸತ್ತವರನ್ನು ಲಿಫ್ಟಿನಲ್ಲಿ ಇಳಿಸುವುದನ್ನು ಕಂಡವಳು. ಸಾವಿಗೂ ಚಂದ್ರನಿಗೂ ಮಾತಿನಲ್ಲಿರುವ ನಂಟು ಅವಳಿಗೆ ಚಂದ್ರನ ಕಡೆಯಿಂದಷ್ಟೇ ಗೊತ್ತಿತ್ತು. "ಬೆಳದಿಂಗಳ ದಾರಿ ಅಂತ ಹಾಕ್ತೀನಿ."

ಬಿಟ್ಟೋರಿ ಬಾಯಿ ತೆರೆದಳು. ಮೇಜಿನ ಕೆಳಗೆ ಗ್ರಾಶಿಯ ಮರದ ಚಪ್ಪಲಿ ಅವಳ ಕಾಲಿಗೆ ಬಿತ್ತು.

ಹುಡುಗಿ ಹೋದ ಮೇಲೆ ಬಿಟ್ಟೋರಿ, "ಅಚ್ಚಾಗುತ್ತೆ ಕಣೇ ಅದು!" ಅಂದಳು. "ಫಲಕ ಹಾಕ್ತಾರೆ! ಮೂರು ಭಾಷೇಲಿ ತಪ್ಪು!"

"ಆಗಲಿ."

"ನಾನು ಜೀವಮಾನವೆಲ್ಲ ಇಂಥದ್ದನ್ನೇ ತಿದ್ದಿದೀನಿ."

"ಸಾಕಾಗ್ಲಿಲ್ವಾ ಹಾಗಾದ್ರೆ? ಈಗ ನಿವೃತ್ತಿ ತಗೊಂಡಿದೀಯ, ಬಾಯ್ ಮುಚ್ಕೊಂಡಿರೇ. ಸಾವಿನ ದಾರಿ ಅಂತ ಹಾಕಿದ್ರೆ ಯಾವನು ಬರ್ತಾನೆ? ನಾನು ಒಬ್ಬಳೇ ತುಳಿದ್ರೆ ದಾರಿ ಆಗುತ್ತಾ?"

ಆಗ ಬಿಟ್ಟೋರಿಗೆ ಅರ್ಥವಾಯಿತು. ಫಲಕ ಬಂತು: ನೀಲಿ ಹಲಗೆಯ ಮೇಲೆ ಬಿಳಿಯ ಅರ್ಧಚಂದ್ರ. ಊರವರು ಓದಿ ನಕ್ಕರು. ಯಾರೂ ಹೊರಗಿನವರಿಗೆ ಬಿಡಿಸಿ ಹೇಳಲಿಲ್ಲ. ಕಚೇರಿಯವರಿಗೆ ಬುದ್ಧಿ ಹೇಳುವುದು ಲೆಗಾರ್ಬಿಯಲ್ಲಿ ಯಾರ ಕೆಲಸವೂ ಅಲ್ಲ.

ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚಿನ ಮಂಟಪದಲ್ಲಿ ಗ್ರಾಶಿ ಬೀಗದ ಕೈ ಹಿಡಿದು ನಿಲ್ಲುತ್ತಿದ್ದಳು. ವಲೆನ್ಸಿಯಾದವರು, ಮ್ಯಾಡ್ರಿಡ್‌ನವರು, ಗಡಿಯ ಆಚೆಯಿಂದ ಬಂದವರು, ಬಣ್ಣಬಣ್ಣದ ಕೋಲುಗಳನ್ನು ಹಿಡಿದುಕೊಂಡು ಅವಳ ಹಿಂದೆ ಹೊರಡುತ್ತಿದ್ದರು. ಅವಳು ಕಥೆ ಕಟ್ಟಿ ಹೇಳುವವಳಲ್ಲ.

"ಈ ಕಲ್ಲುಗಳನ್ನ ದೈತ್ಯರು ಇಟ್ಟದ್ದಂತೆ, ನಿಜವೇ?" ಅಂತ ಒಬ್ಬ ಕೇಳಿದ.

"ನಾನು ಮದುವೆಯಾಗಿ ಬಂದಾಗಲೇ ಇಟ್ಟಾಗಿತ್ತು."

"ಈ ಗುಡಿ ಎಷ್ಟು ಹಳೇದು?"

"ಮಾಡು ಹೊಸದು. ಹಳೇದು ಸೋರ್ತಿತ್ತು."

"ಮನೆಬಾಗಿಲಿಗೆ ಆ ಒಣಗಿದ ಮುಳ್ಳುಹೂವು ಯಾಕೆ ಹೊಡೆದಿದ್ದೀರಿ?"

"ಕೆಟ್ಟದ್ದು ಒಳಗೆ ಬರಬಾರದು ಅಂತ."

"ಬಂದಿಲ್ವಾ?"

"ನೀವು ಒಳಗೆ ಬನ್ನಿ, ನೋಡೋಣ."

ಬೆಳದಿಂಗಳ ದಾರಿಯಲ್ಲಿ ಬೆಳದಿಂಗಳಿನಲ್ಲೇ ಬರಬೇಕೇ, ಯಾವಾಗ ಬಂದರೆ ಚೆನ್ನ ಎಂದು ಎಲ್ಲರೂ ಕೇಳುತ್ತಿದ್ದರು. ಅದಕ್ಕೆ ಅವಳದು ಒಂದೇ ಉತ್ತರ: "ಅವಸರ ಮಾಡ್ಬೇಡಿ. ಈ ದಾರಿಗೆ ಎಷ್ಟು ತಡವಾಗಿ ಬಂದ್ರೆ ಅಷ್ಟು ಒಳ್ಳೇದು." ಅವರು ಸೂರ್ಯಾಸ್ತದ ಬಗ್ಗೆ ಹೇಳುತ್ತಿದ್ದಾಳೆ ಅಂದುಕೊಳ್ಳುತ್ತಿದ್ದರು. ಬಿಟ್ಟೋರಿ ಹಿಂದೆ ನಿಂತು ಕನ್ನಡಕ ಒರೆಸಿಕೊಳ್ಳುತ್ತಿದ್ದಳು.

ಮೊದಮೊದಲು ಪೊದೆಗಳನ್ನು ಬಳಸಿಕೊಂಡು ಮುಳ್ಳುತಂತಿಯ ಹತ್ತಿರ ಬಂದು ಜನ ನಿಲ್ಲುತ್ತಿದ್ದರು. ಬಾಲೆಂಟಿನ್ ಆಚೆಯಿಂದ ನೋಡುತ್ತಿದ್ದ. ಗ್ರಾಶಿ ಅವನನ್ನು ಏನೂ ಕೇಳಲಿಲ್ಲ. ಅತ್ತ ಕೈ ತೋರಿಸಿ, "ಅಗೋ, ಆ ಕುರಿಗಳ ಹಾಲಿನದೇ ಚೀಸ್. ಹೊಗೆ ಹಾಕಿದ್ದು. ಕಣಿವೆಯಲ್ಲೇ ಇಂಥದ್ದಿಲ್ಲ. ಆದ್ರೆ ಏನು ಮಾಡೋಣ, ತಂತಿ ದಾಟೋಕಾಗಲ್ಲ," ಅಂದಳು. ಚೀಸ್ ಚೆನ್ನಾಗಿದ್ದದ್ದು ನಿಜ. ಬಂದವರು ತಂತಿಯ ಮೇಲಿನಿಂದ ಕೈ ಚಾಚಿ ಕೊಂಡರು. ಒಬ್ಬ ಹೆಂಗಸಿನ ಬೆಲೆಬಾಳುವ ಜಾಕೆಟ್ಟು ತಂತಿಗೆ ಸಿಕ್ಕಿ ಹರಿಯಿತು. ಮುಂದಿನ ಭಾನುವಾರ ಅಲ್ಲಿ ತಂತಿಯ ಬದಲು ಮರದ ಗೇಟು ಇತ್ತು. ವಸಂತ ಬರುವಷ್ಟರಲ್ಲಿ ಬಾಲೆಂಟಿನ್ ಮಚ್ಚು ಹಿಡಿದು ಸುಣ್ಣದ ಗೂಡಿನವರೆಗೂ ಪೊದೆ ಸವರಿದ್ದ. ಕೆಸರಾಗುವ ಕಡೆ ಚಪ್ಪಡಿ ಹಾಕಿದ್ದ.

"ಕೆಲಸದವನು ಒಳ್ಳೆಯವನು ಸಿಕ್ಕಿದಾನೆ," ಅನ್ನುತ್ತಿದ್ದಳು ಗ್ರಾಶಿ ಎಲೆ ಹಂಚುತ್ತ. "ಕೂಲಿ ಕೇಳಲ್ಲ."

ಹೀಗೆ ವರ್ಷಗಳು ಹೋದವು. ದಾರಿ ಅಗಲವಾಯಿತು. ನಾಲ್ವರು ಪಕ್ಕಪಕ್ಕದಲ್ಲಿ ನಡೆಯಬಹುದಾದಷ್ಟು ಅಗಲವಾದ ದಿನ ಗ್ರಾಶಿ ಅದನ್ನು ನೋಡುತ್ತ ನಿಂತಳು. "ಹೊರೋರಿಗೆ ಸಾಕು," ಅಂದಳು. ಬಿಟ್ಟೋರಿಗೆ ಅದು ಆಗ ತಮಾಷೆಯಾಗಿಯೇ ಕೇಳಿಸಿತ್ತು.

ಗ್ರಾಶಿ ಆಸ್ಪತ್ರೆಗೆ ಸೇರಿದ ಮೇಲೆ ಬಿಟ್ಟೋರಿ ದಿನ ಬಿಟ್ಟು ದಿನ ಹೋಗುತ್ತಿದ್ದಳು. ಗ್ರಾಶಿಗೆ ಹಾಸಿಗೆ ಹಿಡಿಸಿರಲಿಲ್ಲ, ಕಾಫಿ ಹಿಡಿಸಿರಲಿಲ್ಲ, ಪಕ್ಕದ ಹಾಸಿಗೆಯವಳ ಟಿವಿ ಹಿಡಿಸಿರಲಿಲ್ಲ.

"ಹಾಸಿಗೆ ಹುಲ್ಲು ಎಲ್ಲಿಂದ ತರ್ತೀಯೇ?" ಅಂತ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಕೇಳಿದಳು.

ಶವ ಹೋಗುವಾಗ ಸತ್ತವರ ಹಾಸಿಗೆಯಿಂದ ಒಂದು ಹಿಡಿ ಹುಲ್ಲು ತೆಗೆದು ನಾಲ್ಕುದಾರಿಯಲ್ಲಿ ಸುಡುವುದು ಮೊದಲ ನೆರೆಯ ಕೆಲಸ.

"ಈಗ ಯಾರ ಹಾಸಿಗೇಲಿ ಹುಲ್ಲಿದೆ?" ಅಂದಳು ಬಿಟ್ಟೋರಿ. "ನಿಂದು ರಬ್ಬರು."

"ಅದನ್ನ ಸುಟ್ಟುಗಿಟ್ಟೀಯ. ಊರೆಲ್ಲ ಕೆಮ್ಮುತ್ತೆ. ಎಲ್ಲರೂ ಅಳ್ತಿದಾರೆ ಅಂತ ಪಾದ್ರಿ ತಿಳ್ಕೋತಾರೆ." ನಗಲು ಹೋಗಿ ಅವಳಿಗೆ ಉಸಿರು ಸಿಕ್ಕಿಕೊಂಡಿತು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಮುಚ್ಚಿಕೊಂಡೇ ಹೇಳಿದಳು, "ಆ ಗೇಟಿನ ಕೀಲು ಕಿರ್ರೋ ಅನ್ನುತ್ತೆ. ಎಣ್ಣೆ ಹಾಕೋಕೆ ಹೇಳೇ ಅವನಿಗೆ."

ಅವಳು ದಾರಿಯ ಬಗ್ಗೆ ಆಡಿದ ಕೊನೆಯ ಮಾತು ಅದು.

ಪೆಲ್ಲೊನ ಫೋನು ಇಟ್ಟ ಮೇಲೆ ಬಿಟ್ಟೋರಿ ಬೀನ್ಸಿನ ಪಾತ್ರೆ ಇಳಿಸಿ, ಕಪ್ಪು ಸ್ವೆಟರು ಹಾಕಿಕೊಂಡು ಹೊರಟಳು. ಮೊದಲು ಗಂಟೆ ಹೊಡೆಯುವವನಿಗೆ ಹೇಳಿದಳು. ಆಮೇಲೆ ದಾರಿ ಹಾಯುವ ಜಮೀನಿನವರ ಮನೆಗಳು. ಸುದ್ದಿ ಹೇಳುವುದಕ್ಕೂ ಒಂದು ರೀತಿ ಇದೆ: ಒಳಗೆ ಹೋಗಬಾರದು, ಕೂರಬಾರದು, ಏನನ್ನೂ ಬೇಡಬಾರದು. ಇಂಥ ಮನೆಯ ಇಂಥವರು ಹೋದರು, ಇಂಥ ದಿನ ಇಷ್ಟು ಹೊತ್ತಿಗೆ, ಅಷ್ಟೇ. ಕೇಳಿದವರು "ಬರುತ್ತೇವೆ" ಅನ್ನಬೇಕು. ಹಾಗಂದರೆ ದಾರಿ ತೆರೆದಿರುತ್ತದೆ ಎಂದರ್ಥ.

ಬಾಲೆಂಟಿನ್ ತನ್ನ ಮನೆಯ ಮುಂದೆ ಹಾಲಿನ ಕ್ಯಾನು ತೊಳೆಯುತ್ತಿದ್ದ.

"ಅರಿಸ್ಟೇಗಿಯ ಗ್ರಾಶಿ ಹೋದಳು," ಅಂದಳು ಬಿಟ್ಟೋರಿ. "ಗುರುವಾರ ಹನ್ನೊಂದಕ್ಕೆ."

ಅವನು ನೀರು ನಿಲ್ಲಿಸಿದ. ಟೋಪಿ ತೆಗೆದ. ಆಮೇಲೆ ಏನೋ ಹೊಳೆದಂತೆ ಅವಳ ಮುಖವನ್ನೇ ನೋಡಿದ.

"ವ್ಯಾನು ಚರ್ಚಿಗೆ ಬರುತ್ತಲ್ವಾ?"

"ಮನೆಗೆ ಬರುತ್ತೆ."

"ಮನೆಯಿಂದ?"

ಬಿಟ್ಟೋರಿ ಹುಲ್ಲುಗಾವಲಿನ ಕಡೆ ನೋಡಿದಳು. ಬೇಡಬಾರದು.

"ಬೆಳದಿಂಗಳ ದಾರಿ!" ಅಂದ ಬಾಲೆಂಟಿನ್. ಅವನ ಕಿವಿ ಕೆಂಪಾಯಿತು. "ಬೆಳದಿಂಗಳ ದಾರಿ! ಫಲಕ ನೋಡಿ ನಾನೂ ನಕ್ಕೆ. ಪಟ್ಟಣದೋರನ್ನ ಆಡಿಸ್ತಾ ಇದಾಳೆ ಅಂದ್ಕೊಂಡೆ. ನಕ್ಕೊಂಡು ನಾನೇ ಪೊದೆ ಸವರಿದೆ, ನಾನೇ ಕಲ್ಲು ಹಾಕಿದೆ. ನನ್ನ ಹೊಲದ ಮಧ್ಯೆ ನನ್ನ ಕೈಲೇ ಅವಳ ದಾರಿ ಕಟ್ಟಿಸಿದಾಳೆ! ನಿಮಗೂ ಗೊತ್ತಿತ್ತು."

"ಗೊತ್ತಿತ್ತು."

"ನಡೆಯೋರದು ಬೇರೆ. ಅವರು ಹೋಗ್ತಾರೆ, ಮುಗೀತು. ಪೆಟ್ಟಿಗೆ ಹೋದ್ರೆ ಹೋಗಲ್ಲ, ದಾರಿ ಅಲ್ಲೇ ಉಳಿಯುತ್ತೆ. ಮಗಳು ಅಲ್ಲಿ ಕೊಟ್ಟಿಗೆ ಕಟ್ಟಿಸ್ಬೇಕು ಅಂತ ಇದಾಳೆ. ನೀವು ಓದಿದೋರು, ನಿಮಗೆ ನಾನು ಹೇಳ್ಬೇಕಾ?"

ಓದಿದವಳು ಹೇಳಬಹುದಾದ ಉತ್ತರ ಬಿಟ್ಟೋರಿಯ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೆಣ ಹಾದ ದಾರಿಯ ಮಾತು ಕಾನೂನಲ್ಲ ಎಂದು ಅವನಿಗೆ ತೋರಿಸಿಕೊಟ್ಟರೆ, ಇಲ್ಬಿದೆಯೂ ಕಾನೂನಲ್ಲವಲ್ಲ. ಅವನ ಹೆದರಿಕೆಯೂ ಗ್ರಾಶಿಯ ಆಸೆಯೂ ಒಂದೇ ಬೇರಿನಿಂದ ಬಂದವು. ಒಂದನ್ನು ಕಿತ್ತರೆ ಇನ್ನೊಂದೂ ಬರುತ್ತದೆ. ಹಾಗಾಗಿ ಅವಳು ಆ ಮಾತನ್ನು ನುಂಗಿಕೊಂಡಳು.

"ಆಸ್ಪತ್ರೇಲಿ ನಿಮಗೊಂದು ಮಾತು ಹೇಳೋಕೆ ಹೇಳಿದ್ಲು," ಅಂದಳು. "ಗೇಟಿನ ಕೀಲು ಕಿರ್ರೋ ಅನ್ನುತ್ತಂತೆ. ಎಣ್ಣೆ ಹಾಕ್ಬೇಕಂತೆ."

ಬಾಲೆಂಟಿನ್ ಟೋಪಿಯನ್ನು ತಲೆಗೆ ಹಾಕಿಕೊಂಡು ನಲ್ಲಿ ತಿರುಗಿಸಿದ. "ಬರುತ್ತೇವೆ" ಅನ್ನಲಿಲ್ಲ. ಬಿಟ್ಟೋರಿ ಮರಳಿದಳು.

ಗುರುವಾರ ಮಂಜಿತ್ತು. ಅರಾಲಾರ್ ಬೆಟ್ಟ ಕಾಣುತ್ತಿರಲಿಲ್ಲ. ವ್ಯಾನು ಡಾಂಬರು ರಸ್ತೆಯಲ್ಲಿ ಅರಿಸ್ಟೇಗಿಗೆ ಹತ್ತಿತು. ಪೆಟ್ಟಿಗೆಯನ್ನು ಬಾಗಿಲ ಒಳಗಿನ ಕಲ್ಲುಹಾಸಿನಲ್ಲಿ ಎರಡು ಕುರ್ಚಿಗಳ ಮೇಲಿಟ್ಟರು. ಬೀನ್ಸಿನ ಚೀಲಗಳು ಗೋಡೆಗೆ ಒರಗಿದ್ದವು. ವ್ಯಾನಿನವನು ಗಡಿಯಾರ ನೋಡಿಕೊಂಡ.

"ಅಮ್ಮಾ, ಆ ಕೆಸರಲ್ಲಿ ನಾವು ಹೊರೋ ಹಾಗಿಲ್ಲ. ಜಾರಿದ್ರೆ ನಾವು ಜವಾಬ್ದಾರರಾಗ್ತೀವಿ."

"ನೀವು ಹೊರಬೇಡಿ," ಅಂದ ಪೆಲ್ಲೊ. ಅವನ ಜೊತೆ ಡಿಪೋದ ಮೂವರು ಗೆಳೆಯರು ಬಂದಿದ್ದರು, ಸಮವಸ್ತ್ರದ ಮೇಲೆ ಕಪ್ಪು ಕೋಟು ಹಾಕಿಕೊಂಡು. "ಗೇಟು ಮುಚ್ಚಿದ್ರೆ ಏನ್ಮಾಡೋದು ಅತ್ತೆ?"

"ವಾಪಸ್ಸು ಬರೋದು. ವ್ಯಾನು ಇಲ್ಲೇ ಇರಲಿ."

ಅವಳು ಹಾಗೆ ಹೇಳಿದ್ದು ಧೈರ್ಯದಿಂದಲ್ಲ. ಬೇರೆ ಏನು ಮಾಡಬೇಕೆಂದು ತಿಳಿದಿರಲಿಲ್ಲ. ಗೇಟಿನವರೆಗೆ ಹೋಗಿ ತಿರುಗಿ ಬಂದರೆ ಅದು ನೇರ ವ್ಯಾನಿನಲ್ಲಿ ಹೋಗುವುದಕ್ಕಿಂತ ಕಡೆಯಾಗುತ್ತದೆ ಎಂಬುದು ಗೊತ್ತಿತ್ತು.

ಲಾಟೀನಿನೊಳಗೆ ಮೇಣದ ಬತ್ತಿ ಹಚ್ಚಿಕೊಂಡು ಬಿಟ್ಟೋರಿ ಮುಂದೆ ನಡೆದಳು. ಮೊದಲ ನೆರೆ ಹಿಂದಿರುಗಿ ನೋಡಬಾರದು. ಹಿಂದೆ ಹೊರುವವರ ಬೂಟುಗಳ ಸದ್ದು, ಪೆಲ್ಲೊ "ಎಡಗಡೆ ತಗ್ಗಿದೆ" ಅನ್ನುವುದು ಕೇಳುತ್ತಿತ್ತು. ಕೆಳಗಿನಿಂದ ನಡೆಗೋಲು ಹಿಡಿದ ಇಬ್ಬರು ಹತ್ತಿ ಬರುತ್ತಿದ್ದರು, ಗಂಡ ಹೆಂಡತಿ ಇರಬೇಕು, ಕೈಯಲ್ಲಿ ಬಣ್ಣದ ನಕ್ಷೆ. ಲಾಟೀನು ಕಂಡು ನಿಂತರು, ಪೆಟ್ಟಿಗೆ ಕಂಡು ಪಕ್ಕದ ಹುಲ್ಲಿಗೆ ಸರಿದು ಟೋಪಿ ತೆಗೆದರು. ಹೆಂಗಸು ನಕ್ಷೆಯನ್ನು ಮಡಿಸಿ ಜೇಬಿಗಿಟ್ಟುಕೊಂಡಳು.

ತಿರುವು ದಾಟಿದ ಮೇಲೆ ಗೇಟಿನ ಎರಡು ಕಂಬ ಮಂಜಿನಲ್ಲಿ ಕಂಡವು. ನಡುವೆ ಗೇಟು ಇರಲಿಲ್ಲ.

ಅದನ್ನು ಕೀಲಿನಿಂದ ಬಿಡಿಸಿ ಗೋಡೆಗೆ ಒರಗಿಸಲಾಗಿತ್ತು. ಪಕ್ಕದಲ್ಲಿ ಬಾಲೆಂಟಿನ್, ಮದುವೆಗೆ ಹಾಕುವ ಕೋಟು ಹಾಕಿಕೊಂಡು, ಕೈಯಲ್ಲಿ ಎಣ್ಣೆಯ ಡಬ್ಬಿ ಹಿಡಿದು ನಿಂತಿದ್ದ. ಕುರಿಗಳೆಲ್ಲ ಮೇಲಿನ ಮೂಲೆಯಲ್ಲಿ ಗುಂಪುಗೂಡಿದ್ದವು.

"ನಾನೇನು ಗೇಟು ತೆಗೆದಿಲ್ಲ," ಅಂದ ಅವನು, ಯಾರ ಮುಖವನ್ನೂ ನೋಡದೆ, ಎಲ್ಲರಿಗೂ ಕೇಳುವಂತೆ. "ಎಣ್ಣೆ ಹಾಕೋಕೆ ಇಳಿಸಿದ್ದೆ. ಇಳಿಸಿದ ಹೊತ್ತಲ್ಲಿ ಯಾರು ಹಾದುಹೋದ್ರು ಅಂತ ನಾನು ನೋಡ್ತಾ ಕೂರೋಕಾಗಲ್ಲ."

ಬಿಟ್ಟೋರಿ ಲಾಟೀನು ಹಿಡಿದು ಕಂಬಗಳ ನಡುವೆ ಹಾದಳು. ಹಿಂದೆ ಬೂಟುಗಳು ಅವನೇ ಹಾಸಿದ ಚಪ್ಪಡಿಗಳ ಮೇಲೆ ಬಂದವು. ಸುಣ್ಣದ ಗೂಡಿನ ಇಳಿಜಾರಿನಲ್ಲಿ ಪೆಲ್ಲೊನ ಗೆಳೆಯನೊಬ್ಬ ಜಾರಿದ. ಪೆಟ್ಟಿಗೆ ವಾಲಿದ ಸದ್ದಾಯಿತು, ಯಾರೋ ಬೈದುಕೊಂಡರು. ಆಮೇಲೆ ಬಾಲೆಂಟಿನನ ದನಿ: "ಸರೀರಿ, ಬಸ್ಸಲ್ಲ ಇದು. ಇತ್ತ ಕೊಡಿ." ಹಿಂದಿರುಗಿ ನೋಡದೆಯೂ ಹೆಗಲು ಯಾವುದೆಂದು ತಿಳಿಯುತ್ತಿತ್ತು. ಅವನ ಎಡಗಾಲಿನ ಬೂಟು ಮೊದಲಿನಿಂದಲೂ ಸ್ವಲ್ಪ ಎಳೆಯುತ್ತದೆ.

ಎರ್ರೋಟಾಲ್ಡೆಯ ಅಂಗಳ ದಾಟಿ ನಾಲ್ಕುದಾರಿಗೆ ಬಂದಾಗ ಚರ್ಚಿನ ಗಂಟೆ ಹೊಡೆಯತೊಡಗಿತು. ಪೆಟ್ಟಿಗೆಯನ್ನು ಅಲ್ಲಿನ ಕಲ್ಲಿನ ಮೇಲೆ ಒಂದು ಕ್ಷಣ ಇಳಿಸಿದರು. ಹುಲ್ಲು ಸುಡುವ ಜಾಗ ಅದು. ಬಿಟ್ಟೋರಿ ಹಿಂದಿನ ಸಂಜೆ ಇದನ್ನು ಯೋಚಿಸಿದ್ದಳು. ಗ್ರಾಶಿಯ ದಿಂಬಿನಲ್ಲೂ ರಬ್ಬರೇ ಇತ್ತು. ಕೊನೆಗೆ ಏನೂ ತರದೆ, ಕಡ್ಡಿಪೆಟ್ಟಿಗೆಯನ್ನು ಮಾತ್ರ ಜೇಬಿನಲ್ಲಿಟ್ಟುಕೊಂಡು ಬಂದಿದ್ದಳು. ಈಗ ಅದನ್ನು ಕೈಯಲ್ಲಿ ಹಿಡಿದು ಬರಿಯ ನೆಲ ನೋಡುತ್ತ ನಿಂತಳು.

ಬಾಲೆಂಟಿನ್ ಮುಂದೆ ಬಂದು ಕೋಟಿನ ಒಳಗೆ ಕೈ ಹಾಕಿದ. ಕುರಿಕೊಟ್ಟಿಗೆಯ ಒಣಹುಲ್ಲು ಒಂದು ಹಿಡಿ. ಕೋಟಿನ ಒಳಮೈಗೆಲ್ಲ ಅಂಟಿಕೊಂಡಿತ್ತು. ಅದನ್ನು ದಾರಿಗಳು ಕೂಡುವ ಕಡೆ ನೆಲದ ಮೇಲಿಟ್ಟು ಎರಡು ಕೈಗಳನ್ನೂ ತೊಡೆಗೆ ಒರೆಸಿಕೊಂಡ.

"ಆ ಹುಲ್ಲು ಹಾಸಿಗೇದಲ್ಲ," ಅಂದ.

"ಚಿಕ್ಕಂದಿನಲ್ಲಿ ಮಲಗ್ತಿದ್ದಳಲ್ಲ ಅಲ್ಲಿ," ಅಂದಳು ಬಿಟ್ಟೋರಿ. "ಕುರಿ ಕಾಯೋಕೆ ಬಂದಾಗ. ಮೂವರೂ ಮಲಗ್ತಿದ್ವಿ."

ಹೊರುವವರು ಕಾಯುತ್ತಿದ್ದರು. ಗಂಟೆ ಇನ್ನೂ ಹೊಡೆಯುತ್ತಿತ್ತು. ಲಾಟೀನಿನ ಬತ್ತಿ ಚರ್ಚಿಗೆ ಹೋಗಬೇಕಾದದ್ದು, ಅದರಿಂದ ಹಚ್ಚುವ ಹಾಗಿಲ್ಲ; ಮಂಜಿಗೆ ಕಡ್ಡಿಪೆಟ್ಟಿಗೆ ತೇವವಾಗಿತ್ತು. ಒಂದು ಕಡ್ಡಿ ಗೀರಿದಳು, ಹತ್ತಲಿಲ್ಲ. ಇನ್ನೊಂದು ಹತ್ತಿ ಆರಿತು. ಅವಳು ಕೈ ಇಳಿಬಿಟ್ಟು ಸುಮ್ಮನೆ ನಿಂತುಬಿಟ್ಟಳು. ಮೂರು ದಿನದಿಂದ ಎಲ್ಲವನ್ನೂ ಕ್ರಮವಾಗಿ ಮಾಡಿದವಳಿಗೆ ಇದೊಂದು ಆಗದು ಅನಿಸಿತು.

ಬಾಲೆಂಟಿನ್ ಹುಲ್ಲಿನ ಮುಂದೆ ಮಂಡಿಯೂರಿ ಎರಡು ಅಂಗೈಗಳನ್ನು ಗಾಳಿಗೆ ಅಡ್ಡ ಹಿಡಿದ.

"ಏನು ನೋಡ್ತಾ ನಿಂತ್ಕೊಂಡೆ?" ಅಂದ. "ಹಚ್ಚೇ. ಗಾಳಿ ಬರೋದ್ರೊಳಗೆ ಹಚ್ಚೇ ಮಾರಾಯ್ತಿ."

ಬಿಟ್ಟೋರಿ ಬಗ್ಗಿ ಹಚ್ಚಿದಳು.